ಮನವಿಯ ಕೊನೆಯ ಸಾಲಿನಲ್ಲಿ ‘ಭರವಸೆ’ ಇರಲೋ ಬೇಡವೋ?

ಟೈಪಿಂಗ್ ಅಂಗಡಿ, ಕೋಲಾರ (ಗುರುವಾರ, ರಾತ್ರಿ 9:12)

ಎಲ್ಲರಿಗೂ ನಮಸ್ಕಾರ. ಸಣ್ಣ ವಿಷಯಕ್ಕೆ ದೊಡ್ಡ ಜಗಳವಾಗಿದೆ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ಕಚೇರಿಗಳ ಎದುರಿನ ಸಾಲಿನಲ್ಲಿ ನನ್ನದೊಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ. ಇಪ್ಪತ್ತೆರಡು ವರ್ಷಗಳಿಂದ ಜನರ ಮನವಿ ಪತ್ರಗಳನ್ನು ಟೈಪ್ ಮಾಡುತ್ತಿದ್ದೇನೆ. ಪಹಣಿ ತಿದ್ದುಪಡಿ, ವಿಧವಾ ವೇತನ, ಬಗರ್ ಹುಕುಂ, ಸ್ಮಶಾನಕ್ಕೆ ಜಾಗ, ವಿಷಯ ಯಾವುದೇ ಇರಲಿ, ಕೊನೆಯ ಸಾಲು ಮಾತ್ರ ಒಂದೇ: ‘ತಾವು ಸೂಕ್ತ ಕ್ರಮ ಕೈಗೊಳ್ಳುವಿರೆಂಬ ಭರವಸೆಯೊಂದಿಗೆ.’ ಗಿರಾಕಿ ಬಾಯಿ ಬಿಡುವ ಮೊದಲೇ ನನ್ನ ಬೆರಳು ಅದನ್ನು ಹೊಡೆದುಬಿಟ್ಟಿರುತ್ತದೆ.

ಈಗ ಮನವಿ ನಮ್ಮ ಊರಿನದೇ. ಕೆರೆಗೆ ನೀರು ತರುವ ರಾಜಕಾಲುವೆಗೆ ಮಣ್ಣು ಸುರಿದು ಮುಚ್ಚಿದ್ದಾರೆ. 2021ರ ಮಳೆಯಲ್ಲಿ ಸುತ್ತಲಿನ ಕೆರೆಗಳೆಲ್ಲ ಕೋಡಿ ಹರಿದವು, ನಮ್ಮದಕ್ಕೆ ಮೊಣಕಾಲುದ್ದ ನೀರು ಬಂತು. ನಾನು ಚಿಕ್ಕವನಿದ್ದಾಗ ಕೋಡಿ ಬಿದ್ದ ದಿನ ಊರೆಲ್ಲ ಏರಿಯ ಮೇಲೆ ಸೇರಿ ಗಂಗಮ್ಮನಿಗೆ ಪೂಜೆ ಮಾಡುತ್ತಿದ್ದೆವು. ಆ ದಿನವನ್ನು ಇನ್ನೊಮ್ಮೆ ನೋಡಬೇಕೆಂಬುದೇ ನನ್ನ ಆಸೆ.

ಇದುವರೆಗೆ ಏಳು ಮನವಿ ಕೊಟ್ಟಿದ್ದೇವೆ. ಎಂಟನೆಯದನ್ನು ಟೈಪ್ ಮಾಡುತ್ತಿದ್ದಾಗ ನಮ್ಮ ತಂಡದಲ್ಲಿ ಕಾನೂನು ಓದುತ್ತಿರುವ ಹುಡುಗಿಯೊಬ್ಬಳು, “ಆ ಕೊನೆಯ ಸಾಲು ತೆಗೆಯಿರಿ ಅಣ್ಣ. ಏಳು ಸಲ ಭರವಸೆ ಇಟ್ಟಾಯಿತು. ಎಂಟನೆಯ ಸಲವೂ ಇಟ್ಟರೆ ಅದು ಭರವಸೆಯಲ್ಲ, ಚಾಳಿ” ಎಂದಳು. ಪಕ್ಕದಲ್ಲಿದ್ದ ಹಿರಿಯರೊಬ್ಬರಿಗೆ ಸಿಟ್ಟು ಬಂತು. “ಭರವಸೆಯೇ ಇಲ್ಲದ ಮೇಲೆ ಮನವಿ ಯಾಕಮ್ಮ ಕೊಡುತ್ತೀಯ? ಮನೆಯಲ್ಲಿ ಕೂತಿರು” ಎಂದರು. ಇಬ್ಬರ ಮಾತೂ ನನಗೆ ಸರಿ ಎನ್ನಿಸಿತು. ಅದೇ ತೊಂದರೆ.

ಭರವಸೆ ಜನರನ್ನು ಎಬ್ಬಿಸುತ್ತದೆಯೋ, ಕೂರಿಸುತ್ತದೆಯೋ? ಓದಿಕೊಂಡವರು ಹೇಳಿ. ಸೋಮವಾರ ಮನವಿ ಕೊಡಬೇಕು. ಕೊನೆಯ ಸಾಲಿನ ಜಾಗ ಖಾಲಿ ಬಿಟ್ಟಿದ್ದೇನೆ.

ಟೊಮೆಟೊ ಬೆಳೆಗಾರ, ಮುಳಬಾಗಿಲು (ಗುರುವಾರ, ರಾತ್ರಿ 9:30)

ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕೊನೆಯ ಸಾಲಿನವರೆಗೆ ಯಾರು ಓದುತ್ತಾರೆ?

ನಿವೃತ್ತ ಮೇಷ್ಟ್ರು, ಮಾಲೂರು (ಗುರುವಾರ, ರಾತ್ರಿ 10:47)

ಟೈಪಿಂಗ್ ಅಂಗಡಿಯವರೇ, ನಾನು ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿಕೊಟ್ಟವನು. ಅಷ್ಟು ವರ್ಷಗಳಲ್ಲಿ ಒಬ್ಬ ವಿದ್ಯಾರ್ಥಿಯೂ ಇಂತಹ ಪ್ರಶ್ನೆ ಕೇಳಲಿಲ್ಲ. ‘ಇದು ಪರೀಕ್ಷೆಗೆ ಬರುತ್ತದೆಯೇ ಸಾರ್’ ಎಂಬುದಷ್ಟೇ ಅವರ ಪ್ರಶ್ನೆ.

ಮೊದಲು ನಮ್ಮ ಮಾತನ್ನೇ ಕಿವಿಗೊಟ್ಟು ಕೇಳಿ. ಮಂತ್ರಿ ಭರವಸೆ ‘ಕೊಡುತ್ತಾನೆ’, ನಾವು ಭರವಸೆ ‘ಇಡುತ್ತೇವೆ’. ಅವನು ಕೊಡುವ ಮಾತಿಗೂ ನಮ್ಮ ಮನಸ್ಸಿನಲ್ಲಿ ಹುಟ್ಟುವ ಭಾವಕ್ಕೂ ಕನ್ನಡದಲ್ಲಿ ಒಂದೇ ಪದ. ಇಂಗ್ಲಿಷಿನಲ್ಲಿ ಇವು ಬೇರೆ ಬೇರೆ ಪದಗಳು. ಒಂದೇ ಪದವಾದದ್ದರಿಂದ ನಮಗೆ ಮೋಸವಾಗಿದೆ ಎಂದು ನನ್ನ ಗುಮಾನಿ. ಅವರು ಕೊಡದಿದ್ದರೆ ನಮ್ಮಲ್ಲಿ ಇರುವುದೇ ಇಲ್ಲ ಎಂದು ನಂಬಿಕೊಂಡಿದ್ದೇವೆ.

ನಿಮ್ಮ ಹುಡುಗಿಯ ಪಕ್ಷದಲ್ಲಿ ದೊಡ್ಡ ಸಾಕ್ಷಿಯೊಬ್ಬನಿದ್ದಾನೆ, ಹಾಲೆಂಡಿನ ತತ್ವಜ್ಞಾನಿ ಸ್ಪಿನೋಜಾ. ಮಸೂರ ಉಜ್ಜಿ ಹೊಟ್ಟೆ ಹೊರೆದವನು. ಅವನ ಮುಖ್ಯ ಕೃತಿ ಹೊರಬಂದದ್ದು ಅವನು ತೀರಿಕೊಂಡ ಮೇಲೆ, ಅದೇ 1677ರಲ್ಲಿ. ಭರವಸೆಯೆಂದರೆ ಚಂಚಲವಾದ ಒಂದು ಸಂತೋಷ ಎನ್ನುತ್ತಾನೆ ಅವನು. ಏನಾಗುವುದೋ ಗೊತ್ತಿಲ್ಲದ ಸಂಗತಿಯನ್ನು ನೆನೆದಾಗ ಅದು ಹುಟ್ಟುತ್ತದೆ. ಗೊತ್ತಿಲ್ಲದ ಕಾರಣಕ್ಕೇ ಭಯವೂ ಜೊತೆಗೆ ಬರುತ್ತದೆ. ಭಯವಿಲ್ಲದ ಭರವಸೆ ಇಲ್ಲ, ಭರವಸೆಯಿಲ್ಲದ ಭಯವೂ ಇಲ್ಲ. ಆದ್ದರಿಂದ ಭರವಸೆ ತನ್ನಷ್ಟಕ್ಕೆ ಒಳ್ಳೆಯದೇನಲ್ಲ ಎಂದು ಅವನ ತೀರ್ಮಾನ. ಯಾರ ಕೈಯಲ್ಲಿ ನಮ್ಮ ಭರವಸೆ ಇದೆಯೋ ಅವರ ಕೈಯಲ್ಲೇ ನಮ್ಮ ಭಯವೂ ಇರುತ್ತದೆ.

ಆದರೆ ಹಿರಿಯರ ಪಕ್ಷಕ್ಕೂ ಅವನೇ ಸಾಕ್ಷಿ! ರಾಜಕೀಯದ ಬಗ್ಗೆ ಬರೆಯುತ್ತ ಅರ್ಧಕ್ಕೆ ನಿಂತುಹೋದ ಇನ್ನೊಂದು ಕೃತಿಯಲ್ಲಿ, ಸ್ವತಂತ್ರ ಜನರನ್ನು ನಡೆಸುವುದು ಭಯಕ್ಕಿಂತ ಹೆಚ್ಚಾಗಿ ಭರವಸೆ, ಸೋತು ಅಡಿಯಾಳಾದವರನ್ನು ನಡೆಸುವುದು ಭರವಸೆಗಿಂತ ಹೆಚ್ಚಾಗಿ ಭಯ ಎನ್ನುತ್ತಾನೆ. ಅವನಿಗಿಂತ ಸ್ವಲ್ಪ ಮೊದಲು, 1651ರಲ್ಲಿ, ಇಂಗ್ಲೆಂಡಿನ ಹಾಬ್ಸ್ ರಾಜ್ಯವೆಂಬ ಇಡೀ ಕಟ್ಟಡವನ್ನು ಸಾವಿನ ಭಯದ ಮೇಲೆ ನಿಲ್ಲಿಸಿದ್ದ. ಅವನೂ ಭರವಸೆಯನ್ನು ಪೂರ್ತಿ ಹೊರಗೆ ಹಾಕಲಿಲ್ಲ. ದುಡಿದರೆ ನೆಮ್ಮದಿಯಾಗಿ ಬದುಕಬಹುದೆಂಬ ಆಶೆಯೂ ಜನರನ್ನು ಶಾಂತಿಯ ಕಡೆಗೆ ತಿರುಗಿಸುತ್ತದೆ ಎಂದು ಒಂದು ಮೂಲೆಯಲ್ಲಿ ಜಾಗ ಕೊಟ್ಟ.

ಟೊಮೆಟೊ ಬೆಳೆಗಾರ, ಮುಳಬಾಗಿಲು (ಶುಕ್ರವಾರ, ಬೆಳಿಗ್ಗೆ 5:50)

ಮೇಷ್ಟ್ರೇ, ಚಂಚಲವಾದ ಸಂತೋಷ ಎಂದಿರಲ್ಲ, ಆ ಮನುಷ್ಯ ಟೊಮೆಟೊ ಬೆಳೆದಿದ್ದನೇ?

2023ರ ಜುಲೈಯಲ್ಲಿ ಕೋಲಾರದ ಮಂಡಿಯಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿತ್ತು. ತೋಟಕ್ಕೆ ರಾತ್ರಿ ಕಾವಲು ಕೂತಿದ್ದೆವು. ಆ ಒಂದು ತಿಂಗಳನ್ನು ನೆನೆಸಿಕೊಂಡು ನಮ್ಮಲ್ಲಿ ಎಷ್ಟೋ ಜನ ಇಂದಿಗೂ ನಾಟಿ ಮಾಡುತ್ತಿದ್ದಾರೆ. ಬೆಲೆ ಬಿದ್ದ ವರ್ಷ ಅದೇ ಹಣ್ಣನ್ನು ರಸ್ತೆಬದಿಗೆ ಸುರಿದು ಬರುತ್ತೇವೆ. ಬೋರ್‌ವೆಲ್ ಕಥೆಯೂ ಹೀಗೆಯೇ. ಪಾಯಿಂಟ್ ನೋಡುವವನ ಅಂಗೈಯಲ್ಲಿ ತೆಂಗಿನಕಾಯಿ ಎದ್ದು ನಿಂತ ಕಡೆ 1,200 ಅಡಿ ಕೊರೆಸುತ್ತೇವೆ, ಬರೀ ಧೂಳು. ಆಮೇಲೆ ಅವನನ್ನೇ ಕರೆಸಿ ಇನ್ನೊಂದು ಪಾಯಿಂಟ್ ಕೇಳುತ್ತೇವೆ.

ಈ ಜಿಲ್ಲೆಯಲ್ಲಿ ಭರವಸೆಗೆ ಕೊರತೆ ಇಲ್ಲ. ಕೊರತೆ ನೀರಿಗೆ.

ನೀರುಗಂಟಿ ಮೊಮ್ಮಗಳು (ಶುಕ್ರವಾರ, ಬೆಳಿಗ್ಗೆ 8:15)

ಟೈಪಿಂಗ್ ಅಣ್ಣ ಹೇಳಿದ ಹುಡುಗಿ ನಾನೇ.

ಮೊದಲು ಒಂದು ಜಗಳ. ‘ಊರೆಲ್ಲ ಏರಿಯ ಮೇಲೆ ಸೇರಿ’ ಎಂದು ಬರೆದಿದ್ದೀರಿ. ಊರೆಲ್ಲ ಎಂದರೆ ಯಾರು ಅಣ್ಣ? ನಮ್ಮ ತಾತ ಆ ಕೆರೆಯ ನೀರುಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಲೆಕ್ಕವಿಟ್ಟು ತೂಬು ಎತ್ತಿ ಇಳಿಸಿದವರು. ಕೋಡಿ ಬಿದ್ದ ರಾತ್ರಿ ಏರಿ ಒಡೆಯದಂತೆ ಮರಳಿನ ಚೀಲ ಹೊತ್ತವರು. ಪೂಜೆಯ ದಿನ ಮಾತ್ರ ಏರಿಯ ಕೆಳಗೆ ನಿಂತಿರುತ್ತಿದ್ದರು, ಪ್ರಸಾದ ಮೇಲಿನಿಂದ ಬೀಳುತ್ತಿತ್ತು. ನಿಮಗೆ ಮತ್ತೆ ನೋಡಬೇಕೆನ್ನಿಸುವ ಆ ದಿನ ನನಗೆ ಬೇಡ. ನೀರು ಬೇಕು, ಆ ದಿನ ಬೇಡ. ಭಾವನೆಗಳ ಬಗ್ಗೆ ಮಾತಾಡುವಾಗ ಅದು ಯಾರ ಭಾವನೆ ಎಂದು ಕೇಳದೆ ಮುಂದಕ್ಕೆ ಹೋಗುವುದು ನನಗೆ ಕಷ್ಟ.

ಈಗ ಕೊನೆಯ ಸಾಲು. ನಮ್ಮ ಕಡೆ ಉಳ್ಳವರಿಗೆ ಸಿಟ್ಟು ಬಂದರೆ ಅದು ಗತ್ತು. ನಮಗೆ ಬಂದರೆ ಸೊಕ್ಕು. ಮನವಿ ಬರೆಯುವವರಿಗೆ ಸಿಟ್ಟು ನಿಷಿದ್ಧ. ವಿನಯ, ಪ್ರಾರ್ಥನೆ, ಭರವಸೆ, ಈ ಮೂರಕ್ಕೆ ಮಾತ್ರ ಅನುಮತಿ. ಅದಕ್ಕೇ ಆ ಸಾಲು ನನಗೆ ಮೈ ಉರಿಸುತ್ತದೆ.

2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಆಗ ಅದು ಕೋಲಾರ ಜಿಲ್ಲೆಯೇ. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಹೈಕೋರ್ಟ್ 2014ರಲ್ಲಿ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿಬಿದ್ದಿದ್ದರು. ಏಕೆ ತಿರುಗಿಬಿದ್ದರು ಎಂಬುದನ್ನು ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಇದನ್ನು ಓದಿದ ಮೇಲೂ ‘ಭರವಸೆ ಕಳೆದುಕೊಳ್ಳಬೇಡ’ ಎನ್ನುವವರ ಮುಖ ನೋಡಬೇಕೆನ್ನಿಸುತ್ತದೆ.

ಅಮೆರಿಕದ ಮಾರ್ಥಾ ನುಸ್‌ಬಾಮ್ 2016ರಲ್ಲಿ ಕೋಪದ ಬಗ್ಗೆ ಒಂದು ಪುಸ್ತಕ ಬರೆದರು. ಕೋಪದ ಒಳಗೆ ಸೇಡಿನ ಆಸೆ ಅಡಗಿರುತ್ತದೆ, ಆದ್ದರಿಂದ ಅದರ ಮೇಲೆ ರಾಜಕೀಯ ಕಟ್ಟಬಾರದು ಎಂಬುದು ಅವರ ವಾದ. ಒಂದೇ ಬಗೆಯ ಕೋಪಕ್ಕೆ ಅವರ ಒಪ್ಪಿಗೆ ಇದೆ: ‘ಇದು ಅನ್ಯಾಯ, ಇನ್ನು ಮುಂದೆ ಹೀಗಾಗಕೂಡದು’ ಎಂದು ನಾಳೆಯ ಕಡೆ ಮುಖ ಮಾಡಿದ ಕೋಪ. ಗಾಂಧಿ, ಮಾರ್ಟಿನ್ ಲೂಥರ್ ಕಿಂಗ್, ಮಂಡೇಲಾ ಇದಕ್ಕೆ ಅವರು ಕೊಡುವ ಉದಾಹರಣೆಗಳು. ಎರಡು ವರ್ಷದ ನಂತರ ಅಮಿಯಾ ಶ್ರೀನಿವಾಸನ್ ಎಂಬ ಇನ್ನೊಬ್ಬ ತತ್ವಜ್ಞಾನಿ ಇದಕ್ಕೆ ಎದುರಾಗಿ ಬರೆದರು. ಕೋಪದಿಂದ ಲಾಭವಾಗುತ್ತದೆಯೇ ಎನ್ನುವುದು ಒಂದು ಪ್ರಶ್ನೆ, ಕೋಪ ತಕ್ಕದ್ದೇ ಎನ್ನುವುದು ಬೇರೆಯೇ ಪ್ರಶ್ನೆ. ಕೆಲಸ ಕೆಡುತ್ತದೆ ಎಂದು ಹೆದರಿ ತಕ್ಕ ಕೋಪವನ್ನು ನುಂಗಿಕೊಳ್ಳುವ ಪರಿಸ್ಥಿತಿಗೆ ಒಬ್ಬರನ್ನು ತಳ್ಳುವುದೇ ಎರಡನೆಯ ಅನ್ಯಾಯ. ಅದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಮನವಿಗಳು.

ನಿವೃತ್ತ ಮೇಷ್ಟ್ರು, ಮಾಲೂರು (ಶುಕ್ರವಾರ, ಬೆಳಿಗ್ಗೆ 11:05)

ತಾಯಿ, ನೀನು ಹೇಳಿದ್ದರಲ್ಲಿ ಒಂದಕ್ಷರವನ್ನೂ ತಳ್ಳಿಹಾಕಲಾರೆ. ಆದರೂ ಹಳೆಯ ಗಾದೆ ಬಾಯಿಗೆ ಬರುತ್ತದೆ, ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ ಆಸೆಯನ್ನು ಅರಸರಿಗೆ ಬಿಟ್ಟಳು, ರೋಷವನ್ನು ಯಮದೂತರಿಗೆ ಬಿಟ್ಟಳು. ಭಕ್ತರಿಗೆ ಎರಡೂ ಸಲ್ಲ ಎಂದಳು. ಗಂಡ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಡಿದ ಮಾತದು. ಭರವಸೆಯೂ ಬೇಡ ಕೋಪವೂ ಬೇಡ, ಕಾಯಕ ಸಾಕು ಎಂಬ ಮೂರನೆಯ ದಾರಿಯೂ ನಮ್ಮಲ್ಲಿದೆ ಎಂದು ನೆನಪಿಸಿದೆ ಅಷ್ಟೇ.

ಆಶಾ ಕಾರ್ಯಕರ್ತೆ, ಬಂಗಾರಪೇಟೆ (ಶುಕ್ರವಾರ, ಮಧ್ಯಾಹ್ನ 2:20)

ಸಾರ್, ಲಕ್ಕಮ್ಮನ ಗಂಡ ತಂದದ್ದು ಒಂದು ದಿನಕ್ಕೆ ಬೇಕಾದುದಕ್ಕಿಂತ ಹೆಚ್ಚು. ನಮ್ಮ ಮನೆಗೆ ಬರುತ್ತಿದ್ದದ್ದು ಕಡಿಮೆ. ಎರಡೂ ಕಡೆ ಒಂದೇ ನೀತಿ ಹೇಗೆ ಹೇಳುತ್ತೀರಿ?

ಈ ಚರ್ಚೆಗೆ ನಾನು ಬಂದದ್ದು ನನ್ನ ಕೆಲಸದ ಹೆಸರಿನಿಂದಾಗಿ. 2005ರಲ್ಲಿ ಯೋಜನೆ ಶುರುವಾದಾಗ ಇಂಗ್ಲಿಷ್ ಪದಗಳ ಮೊದಲಕ್ಷರ ಜೋಡಿಸಿ ನಮಗೆ ‘ಆಶಾ’ ಎಂದು ಹೆಸರಿಟ್ಟರು. ಇಡೀ ದೇಶದಲ್ಲಿ ಭರವಸೆಯೇ ಹುದ್ದೆಯ ಹೆಸರಾಗಿರುವವರು ನಾವು! ಆದರೆ ಹುದ್ದೆಯೆಂದು ಒಪ್ಪುವುದಿಲ್ಲ, ಸ್ವಯಂಸೇವಕಿ ಎನ್ನುತ್ತಾರೆ. ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. ರಾತ್ರಿ ಎರಡು ಗಂಟೆಗೆ ಬಾಣಂತಿಯನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಇದು ಸೇವೆಯೋ ದುಡಿಮೆಯೋ ಎಂದು ಯೋಚಿಸುವುದಕ್ಕೂ ಪುರುಸೊತ್ತು ಇರುವುದಿಲ್ಲ. ಪ್ರೀತಿ, ಕರುಣೆ, ತಾಯಿಯ ಮನಸ್ಸು ಎಂದು ಹೊಗಳಿ ಹೊಗಳಿ ಕೂಲಿ ಕಡಿಮೆ ಮಾಡಬಹುದು. ಇದನ್ನು ಯಾವ ತತ್ವಜ್ಞಾನಿ ಬರೆದಿದ್ದಾರೋ ಕಾಣೆ, ನಾವಂತೂ ಬಲ್ಲೆವು.

2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ರಾಜ್ಯದ ಸಾವಿರಾರು ಆಶಾಗಳು ಹಗಲೂ ರಾತ್ರಿ ಕೂತಿದ್ದೆವು. ಚಳಿ ಹೇಗಿತ್ತೆಂದು ಕೇಳಬೇಡಿ. ನಾಲ್ಕನೆಯ ದಿನ, ಏಪ್ರಿಲ್‌ನಿಂದ ತಿಂಗಳಿಗೆ 10,000 ರೂಪಾಯಿ ಎಂಬ ಭರವಸೆ ಸಿಕ್ಕಿತು, ಎದ್ದೆವು. ಆ ಭರವಸೆಯ ಮುಂದಿನ ಕಥೆ ಇಲ್ಲಿ ಬೇಡ. ನಾನು ಹೇಳಬೇಕಾದದ್ದು ಬೇರೆ. ಬಸ್ ಹತ್ತುವಾಗ ನನಗೆ ಯಾವ ಭರವಸೆಯೂ ಇರಲಿಲ್ಲ. ಸಿಟ್ಟೂ ಅಷ್ಟಾಗಿ ಇರಲಿಲ್ಲ, ಸುಸ್ತಾಗಿತ್ತು. ಪಕ್ಕದ ಹಳ್ಳಿಯವಳು ‘ನೀನು ಬಂದರೆ ನಾನೂ ಬರುತ್ತೇನೆ’ ಎಂದಳು, ಅದಕ್ಕೆ ಹೋದೆ. ಎರಡನೆಯ ರಾತ್ರಿ ಬೀದರ್‌ನಿಂದ ಬಂದವಳೊಬ್ಬಳು ತನ್ನ ಕಂಬಳಿಯ ಅರ್ಧ ನನಗೆ ಹೊದಿಸಿದಳು. ಆಗ ಎದೆಯಲ್ಲಿ ಏನೋ ಬಂತು. ಅದಕ್ಕೆ ಏನು ಹೆಸರೋ ನೀವೇ ಹೇಳಿ.

ಚಾಂಪಿಯನ್ ರೀಫ್ ನಿವಾಸಿ, ಕೆಜಿಎಫ್ (ಶುಕ್ರವಾರ, ರಾತ್ರಿ 8:40)

ಅಕ್ಕ, ನಿಮಗೆ ನಮಸ್ಕಾರ. ನನ್ನದು ಉಲ್ಟಾ ಕಥೆ.

ನಮ್ಮಪ್ಪ ಗಣಿಯ ಕೆಲಸಗಾರ. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ನಾನಾಗ ಏಳನೆಯ ಕ್ಲಾಸು. ಮುಂದಿನ ವರ್ಷ ತೆರೆಯುತ್ತದೆ ಎಂದರು. ವಿದೇಶಿ ಕಂಪನಿ ಬರುತ್ತದೆ ಎಂದರು. ಸೈನೈಡ್ ದಿಬ್ಬಗಳಲ್ಲೇ ಟನ್‌ಗಟ್ಟಲೆ ಚಿನ್ನ ಇದೆ, ಅದನ್ನು ತೆಗೆದರೂ ಸಾಕು ಎಂದರು. ಪ್ರತಿ ಚುನಾವಣೆಯಲ್ಲೂ ಗಣಿ ಒಮ್ಮೆ ತೆರೆದು ಮುಚ್ಚುತ್ತದೆ. ಅಪ್ಪ ಆ ಕ್ವಾರ್ಟರ್ಸ್ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತ್ತು, ‘ಗಣಿ ತೆರೆದಾಗ ಹೆಸರು ಬಿಟ್ಟುಹೋದರೆ?’ ಎಂದು ಬಿಟ್ಟರು. ಈಗ ನಾನು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಬರುತ್ತೇನೆ. ಆ ರೈಲಿನಲ್ಲಿ ನಮ್ಮೂರಿನ ಅರ್ಧ ಜನ ಇರುತ್ತಾರೆ.

ಅಮೆರಿಕದ ಲಾರೆನ್ ಬರ್ಲಾಂಟ್ 2011ರ ಒಂದು ಪುಸ್ತಕದಲ್ಲಿ ಇದಕ್ಕೆ ಹೆಸರಿಟ್ಟಿದ್ದಾರೆ. ಕ್ರೂರ ಆಶಾವಾದ ಎನ್ನಬಹುದು. ಯಾವುದನ್ನು ನೆಚ್ಚಿಕೊಂಡಿದ್ದೇವೋ ಅದೇ ನಮ್ಮ ಏಳಿಗೆಗೆ ಅಡ್ಡ ನಿಂತಿರುತ್ತದೆ, ಆದರೂ ಬಿಡಲಾಗುವುದಿಲ್ಲ. ಬಿಟ್ಟರೆ ನಾವು ಯಾರು ಎಂಬುದೇ ತಿಳಿಯದಂತಾಗುತ್ತದೆ. ಇಷ್ಟು ಹೇಳಲು ಅವರಿಗೆ ಇಡೀ ಪುಸ್ತಕ ಬೇಕಾಯಿತು. ಕನ್ನಡದಲ್ಲಿ ಮೂಗಿಗೆ ತುಪ್ಪ ಸವರುವುದು ಎನ್ನುತ್ತಾರೆ. ವಾಸನೆ ಬರುತ್ತಲೇ ಇರುತ್ತದೆ, ನಾಲಿಗೆಗೆ ಎಟುಕುವುದಿಲ್ಲ. (ಮೇಷ್ಟ್ರು ಕೊಯ್ದ ಮೂಗಿನ ಗಾದೆ ಹೇಳಿದರು. ಈ ಚರ್ಚೆಯಲ್ಲಿ ಮೂಗಿಗೆ ಬಹಳ ಕಷ್ಟ.)

ನಮ್ಮ ಕಡೆಗೆ ನೀರು ತರುವ ಎತ್ತಿನಹೊಳೆ ಯೋಜನೆಯೂ ಇದೇ ತುಪ್ಪ ಆಗದಿರಲಿ. ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆ ಆದದ್ದು 2014ರಲ್ಲಿ. ಸಕಲೇಶಪುರದ ಕಡೆ ಮೊದಲ ಹಂತದ ಉದ್ಘಾಟನೆ 2024ರ ಗೌರಿ ಹಬ್ಬದ ದಿನ. 24 ಟಿಎಂಸಿ ಎಂಬ ಅಂಕಿ ನಮ್ಮ ಜಿಲ್ಲೆಯ ಮಕ್ಕಳಿಗೂ ಬಾಯಿಪಾಠ.

ಸಾವಯವ, ಶ್ರೀನಿವಾಸಪುರ (ಶುಕ್ರವಾರ, ರಾತ್ರಿ 9:25)

ಭರವಸೆ ಇಟ್ಟು ಏನೂ ಸಿಗಲಿಲ್ಲ ಎಂದರೆ ತಪ್ಪಾಗುತ್ತದೆ. 2016ರ ಮಾರ್ಚ್‌ನಲ್ಲಿ ನೀರು ಕೇಳಲು ಟ್ರ್ಯಾಕ್ಟರ್‌ಗಳಲ್ಲಿ ಬೆಂಗಳೂರಿಗೆ ಹೊರಟವರಲ್ಲಿ ನಾನೂ ಒಬ್ಬ. ದಾರಿಯಲ್ಲಿ ಲಾಠಿ ಏಟು ತಿಂದವರನ್ನು ಕಣ್ಣಾರೆ ಕಂಡಿದ್ದೇನೆ. 2018ರಲ್ಲಿ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಕೇಳಿದ್ದು ನದಿಯ ನೀರು, ಸಿಕ್ಕಿದ್ದು ಬೆಂಗಳೂರಿನ ಚರಂಡಿಯ ನೀರು, ಅದೂ ಎರಡೇ ಹಂತ ಶುದ್ಧ ಮಾಡಿದ್ದು. ಮೂರನೆಯ ಹಂತಕ್ಕೆ ಇನ್ನೂ ಕೂಗುತ್ತಿದ್ದೇವೆ. ಆದರೂ ಬತ್ತಿದ ಕೊಳವೆಬಾವಿಗಳಲ್ಲಿ ನೀರು ಏರಿದ್ದು ನಿಜ. ಇದನ್ನು ಗೆಲುವು ಎನ್ನಬೇಕೋ ಸೋಲು ಎನ್ನಬೇಕೋ, ಸಂತೋಷ ಪಡಬೇಕೋ ಅವಮಾನ ಪಡಬೇಕೋ ತಿಳಿಯದೆ ಕೂತಿದ್ದೇವೆ. ಇಂತಹ ಭಾವನೆಗೆ ಸಿದ್ಧಾಂತ ಉಂಟೇ ಮೇಷ್ಟ್ರೇ?

ನಿರ್ವಾಹಕರು (ಶುಕ್ರವಾರ, ರಾತ್ರಿ 10:10)

ಎರಡು ಪ್ರತಿಕ್ರಿಯೆಗಳನ್ನು ತೆಗೆದಿದ್ದೇವೆ. ಯಾವ ಪಕ್ಷ ಎಷ್ಟು ಸುಳ್ಳು ಹೇಳಿತು ಎಂಬ ಪಟ್ಟಿಗೆ ಬೇರೆ ಚರ್ಚೆ ಇದೆ, ಅಲ್ಲಿ ಜಾಗ ಸಾಕಷ್ಟಿದೆ.

ಗೌರಿಬಿದನೂರು ಸೀಮೆಯವ (ಶನಿವಾರ, ಬೆಳಿಗ್ಗೆ 7:30)

ವಿದುರಾಶ್ವತ್ಥದ ಹೆಸರು ಯಾರೂ ಎತ್ತಲಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ. 1938ರ ಏಪ್ರಿಲ್ 25. ಶಿವಪುರದ ಧ್ವಜ ಸತ್ಯಾಗ್ರಹ ನಡೆದು ಎರಡು ವಾರವಾಗಿತ್ತು. ಜಾತ್ರೆಯ ಸಮಯ, ಜನ ಸೇರಿದ್ದರು, ಪೊಲೀಸರು ಗುಂಡು ಹಾರಿಸಿದರು. ಸತ್ತವರು 32 ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆಗಿನ ಸರ್ಕಾರ ಒಪ್ಪಿಕೊಂಡದ್ದು ಅದಕ್ಕಿಂತ ಬಹಳ ಕಡಿಮೆ. ನಂತರ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಂದಿಗೆ ಮಾತಾಡಿ, ಮೈಸೂರಿನ ಧ್ವಜದ ಜೊತೆಗೆ ರಾಷ್ಟ್ರಧ್ವಜವನ್ನೂ ಹಾರಿಸಬಹುದು ಎಂಬ ಒಪ್ಪಂದವಾಯಿತು.

ನಮ್ಮ ಅಜ್ಜಿ ಆ ದಿನ ಅಲ್ಲಿರಲಿಲ್ಲ. ಎರಡು ಹರದಾರಿ ದೂರದ ಹಳ್ಳಿಯಲ್ಲಿ ರಾಗಿ ಬೀಸುತ್ತಿದ್ದಳಂತೆ. ಸುದ್ದಿ ಬಂದಾಗ ಬೀಸುವ ಕಲ್ಲು ಬಿಟ್ಟು ಎದ್ದವಳು ಆ ದಿನ ಮತ್ತೆ ಬೀಸಲಿಲ್ಲ, ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಅಲ್ಲಿಯವರೆಗೆ ‘ಕಾಂಗ್ರೆಸ್ಸಿನವರು’ ಎಂದರೆ ಪೇಟೆಯ ಓದಿದ ಹುಡುಗರು. ಆ ಸಂಜೆಯಿಂದ ‘ನಮ್ಮವರು’ ಎಂದಾಯಿತು. ಜರ್ಮನಿಯ ಕಾಂಟ್ 1798ರಲ್ಲಿ ಫ್ರಾನ್ಸಿನ ಕ್ರಾಂತಿಯ ಬಗ್ಗೆ ಬರೆದದ್ದನ್ನು ಓದಿದಾಗ ನನಗೆ ಅಜ್ಜಿಯೇ ಕಣ್ಣಿಗೆ ಬಂದಳು. ಕ್ರಾಂತಿ ಗೆಲ್ಲಲಿ ಸೋಲಲಿ, ದೂರದಲ್ಲಿ ನಿಂತು ನೋಡುವವರ ಎದೆಯಲ್ಲಿ ಉಕ್ಕಿದ ಭಾವವಿದೆಯಲ್ಲ, ತೋರಿಸಿಕೊಂಡರೆ ಅಪಾಯ ಎಂದು ತಿಳಿದೂ ಉಕ್ಕಿದ್ದು, ಮನುಷ್ಯಕುಲ ಮುಂದಕ್ಕೆ ನಡೆಯಬಲ್ಲದು ಎನ್ನುವುದಕ್ಕೆ ಅದೇ ಗುರುತು ಎಂದ ಅವನು.

ನೀರುಗಂಟಿ ಮೊಮ್ಮಗಳು (ಶನಿವಾರ, ಬೆಳಿಗ್ಗೆ 9:02)

ಚೆನ್ನಾಗಿದೆ. ಆದರೆ ಉಕ್ಕುವ ಭಾವ ಯಾವ ಕಡೆಗೂ ಉಕ್ಕಬಹುದಲ್ಲವೇ? 1949ರ ನವೆಂಬರ್ 25ರಂದು ಅಂಬೇಡ್ಕರ್ ಅವರು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದು ಇದನ್ನೇ. ಧರ್ಮದಲ್ಲಿ ಭಕ್ತಿ ಮುಕ್ತಿಗೆ ದಾರಿಯಾಗಬಹುದು, ರಾಜಕೀಯದಲ್ಲಿ ಭಕ್ತಿ ಅಧಃಪತನಕ್ಕೆ, ಕೊನೆಗೆ ಸರ್ವಾಧಿಕಾರಕ್ಕೆ ದಾರಿ ಎಂದರು. ಅವರು ಭಾವನೆಯೇ ಬೇಡ ಎಂದವರಲ್ಲ. 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟಿದ್ದು ಬಾಯಾರಿಕೆಗಲ್ಲ, ಮಾನಕ್ಕೆ. ಅದೂ ಒಂದು ಕೆರೆಯೇ ಎಂಬುದನ್ನು ಟೈಪಿಂಗ್ ಅಣ್ಣ ಗಮನಿಸಬೇಕು.

ಆಶಾ ಅಕ್ಕನ ಕಂಬಳಿಯ ಬಗ್ಗೆ ರಾತ್ರಿಯೆಲ್ಲ ಯೋಚಿಸಿದೆ. ಅದು ಯಾರೂ ‘ಕೊಟ್ಟ’ ಭರವಸೆಯಲ್ಲ, ಅಕ್ಕ ‘ಇಟ್ಟ’ ಭರವಸೆಯೂ ಅಲ್ಲ. ಮೇಷ್ಟ್ರು ಹೇಳಿದ ಎರಡು ಅರ್ಥಗಳಲ್ಲಿ ಯಾವುದಕ್ಕೂ ಅದು ಸೇರುವುದಿಲ್ಲ.

ನಿವೃತ್ತ ಮೇಷ್ಟ್ರು, ಮಾಲೂರು (ಶನಿವಾರ, ಸಂಜೆ 6:35)

ತಾಯಿ, ಸೇರುತ್ತದೆ ಎಂದು ತೋರಿಸಲು ಪ್ರಯತ್ನಿಸುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಹಿಟ್ಲರನ ಕಾಟಕ್ಕೆ ಜರ್ಮನಿ ಬಿಟ್ಟವರಲ್ಲಿ ಇಬ್ಬರನ್ನು ನೆನೆಯಬೇಕು. ಒಬ್ಬ ಎರ್ನ್ಸ್ಟ್ ಬ್ಲಾಕ್. ಅಮೆರಿಕದಲ್ಲಿ ನಿರಾಶ್ರಿತನಾಗಿದ್ದಾಗ, 1938ರಿಂದ 1947ರವರೆಗೆ, ಭರವಸೆಯ ಬಗ್ಗೆಯೇ ಮೂರು ಸಂಪುಟ ಬರೆದ. ಜಗತ್ತು ಇನ್ನೂ ಆಗಿ ಮುಗಿದಿಲ್ಲ, ‘ಇನ್ನೂ ಆಗದ್ದು’ ಅದರೊಳಗೇ ಕದಲುತ್ತಿದೆ, ಅದನ್ನು ಗುರುತಿಸುವುದಕ್ಕೆ ಭರವಸೆಗೂ ಓದು ಬರಹ ಕಲಿಸಬೇಕು ಎಂದ. 1961ರಲ್ಲಿ ಟ್ಯೂಬಿಂಗೆನ್‌ನಲ್ಲಿ ಪಾಠ ಶುರುಮಾಡಿದ ದಿನ, ಭರವಸೆಗೆ ನಿರಾಶೆಯಾಗಬಹುದೇ ಎಂಬ ಪ್ರಶ್ನೆ ಎತ್ತಿಕೊಂಡು, ಖಂಡಿತ ಆಗಬಹುದು, ಆಗಲೇಬೇಕು ಎಂದ. ಸೋಲುವ ಸಾಧ್ಯತೆ ಇಲ್ಲದಿದ್ದರೆ ಅದು ಭರವಸೆಯಲ್ಲ, ಖಾತರಿ. ಕೆಜಿಎಫ್‌ನ ತಮ್ಮ ಗಮನಿಸಬೇಕು. ನಿಮ್ಮ ತಂದೆಗೆ ಸಿಕ್ಕಿದ್ದು ಖಾತರಿಯ ವೇಷ ಹಾಕಿದ ಮಾತು. ಸೋಲನ್ನು ಒಪ್ಪಿ ಲೆಕ್ಕ ಹಾಕಲು ಅದು ಬಿಡಲೇ ಇಲ್ಲ. ಮಹಾಭಾರತದ ಕಥೆಯೂ ಇದೇ. ಭೀಷ್ಮ ಬಿದ್ದ, ದ್ರೋಣ ಸತ್ತ, ಕರ್ಣನೂ ಹೋದ. ಆಶೆ ಬಲವಾದದ್ದು ರಾಜನ್, ಶಲ್ಯ ಪಾಂಡವರನ್ನು ಗೆಲ್ಲುತ್ತಾನಂತೆ! ಓದು ಬರಹ ಕಲಿಯದ ಭರವಸೆಗೆ ಇದಕ್ಕಿಂತ ಕಟುವಾದ ಗೇಲಿ ನಾನು ಕಂಡಿಲ್ಲ.

ಇನ್ನೊಬ್ಬಳು ಹಾನಾ ಅರೆಂಟ್. ಅವಳು ಭರವಸೆಯ ಬಗ್ಗೆ ಹೆಚ್ಚು ಬರೆಯಲಿಲ್ಲ, ಮಾತು ಕೊಡುವುದರ ಬಗ್ಗೆ ಬರೆದಳು. 1958ರ ಕೃತಿಯಲ್ಲಿ ಹೇಳುತ್ತಾಳೆ: ನಾಳೆ ಏನಾಗುವುದೋ ಯಾರಿಗೂ ತಿಳಿಯದು, ಅದು ಸಮುದ್ರವಿದ್ದಂತೆ. ಮನುಷ್ಯರು ಒಬ್ಬರಿಗೊಬ್ಬರು ಮಾತು ಕೊಟ್ಟುಕೊಂಡಾಗ ಆ ಸಮುದ್ರದಲ್ಲಿ ಸಣ್ಣ ಸಣ್ಣ ನಡುಗಡ್ಡೆಗಳು ಏಳುತ್ತವೆ. ಕಾಲಿಡಲು ಅಷ್ಟು ಜಾಗ ಸಾಕು. ಆದರೆ ಮಾತು ಒಬ್ಬರಿಗೊಬ್ಬರು ಕೊಟ್ಟುಕೊಂಡದ್ದಾಗಿರಬೇಕು. ಮೇಲಿನಿಂದ ಬೀಳುವ ಪ್ರಸಾದವಾಗಿರಬಾರದು. (ನಿನ್ನ ತಾತನ ಕಥೆಯಿಂದ ಕದ್ದೆ, ಕ್ಷಮಿಸು.)

‘ನೀನು ಬಂದರೆ ನಾನೂ ಬರುತ್ತೇನೆ.’ ಆಶಾ ಕಾರ್ಯಕರ್ತೆ ಬರೆದ ಈ ವಾಕ್ಯ ಅದೇ ಅಲ್ಲವೇ? ಅದೂ ಭರವಸೆಯೇ, ಕೊಟ್ಟ ಭರವಸೆಯೇ. ಕೊಟ್ಟವಳು ಮಾತ್ರ ಮಂತ್ರಿಯಲ್ಲ. ಮೊದಲ ದಿನ ನಾನು ‘ಮಂತ್ರಿ ಕೊಡುತ್ತಾನೆ, ನಾವು ಇಡುತ್ತೇವೆ’ ಎಂದು ಬರೆದೆ. ನಾವೂ ಕೊಡಬಲ್ಲೆವು ಎಂಬುದು ಈ ಮುದಿ ತಲೆಗೆ ಹೊಳೆಯಲೇ ಇಲ್ಲ. ಪದ ನಮಗೆ ಮೋಸ ಮಾಡಿದೆ ಎಂದಿದ್ದೆ. ಮೋಸ ಪದದ್ದಲ್ಲ ಎನ್ನಿಸುತ್ತಿದೆ.

ಶ್ರೀನಿವಾಸಪುರದವರ ಪ್ರಶ್ನೆಗೆ ನನ್ನ ಬಳಿ ಸಿದ್ಧಾಂತವಿಲ್ಲ. ಅರ್ಧ ಗೆಲುವಿನ ಬಗ್ಗೆ ತತ್ವಜ್ಞಾನಿಗಳು ಬರೆದದ್ದು ಕಡಿಮೆ. ಅವರಿಗೆ ಕ್ರಾಂತಿ ಬೇಕು, ಇಲ್ಲವೇ ಪ್ರಳಯ.

ಭೂಮಾಪಕ (ನಿವೃತ್ತ) (ಶನಿವಾರ, ರಾತ್ರಿ 8:00)

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಮನವಿಗೆ ಗ್ರಾಮ ನಕಾಶೆ ಲಗತ್ತಿಸಿದ್ದೀರಾ? ಕಾಲುವೆ ಹಾದುಹೋಗುವ ಸರ್ವೆ ನಂಬರ್‌ಗಳನ್ನು ಕ್ರಮವಾಗಿ ಬರೆದಿದ್ದೀರಾ? ಏಳು ಮನವಿಗಳ ಸ್ವೀಕೃತಿ ಪ್ರತಿ ಇಟ್ಟುಕೊಂಡಿದ್ದೀರಾ? ಇವಿಲ್ಲದಿದ್ದರೆ ಕೊನೆಯ ಸಾಲಿನಲ್ಲಿ ಏನು ಬರೆದರೂ ನಡೆಯುವುದಿಲ್ಲ.

ಟೈಪಿಂಗ್ ಅಂಗಡಿ, ಕೋಲಾರ (ಶನಿವಾರ, ರಾತ್ರಿ 8:25)

ಸಾರ್, ಸ್ವೀಕೃತಿ ಐದಕ್ಕೆ ಇದೆ, ಎರಡಕ್ಕೆ ಇಲ್ಲ. ನಕಾಶೆ ಇರಲಿಲ್ಲ. ನಾಳೆ ಭಾನುವಾರ, ನಿಮ್ಮ ಮನೆಗೇ ಬರಬಹುದೇ?

ಟೈಪಿಂಗ್ ಅಂಗಡಿ, ಕೋಲಾರ (ಸೋಮವಾರ, ಮಧ್ಯಾಹ್ನ 1:40)

ಕೊಟ್ಟು ಬಂದೆವು. ನಕಾಶೆ, ಸರ್ವೆ ನಂಬರ್ ಎಲ್ಲ ಲಗತ್ತಿಸಿದೆವು, ಭೂಮಾಪಕರಿಗೆ ಧನ್ಯವಾದ.

ನೀರುಗಂಟಿ ತಾತ ಈಗ ಇಲ್ಲ. ಅಜ್ಜಿ ಇದ್ದಾರೆ. ಮೊದಲ ಹೆಬ್ಬೆಟ್ಟು ಅವರದಾಗಲಿ ಎಂದೆ. ಹಿರಿಯರಲ್ಲಿ ಇಬ್ಬರು ಮುಖ ಗಂಟು ಹಾಕಿಕೊಂಡರು, ಒಬ್ಬರು ಸಹಿ ಹಾಕದೆ ಎದ್ದು ಹೋದರು. ಮಿಕ್ಕವರು ಹಾಕಿದರು. ಅಜ್ಜಿ ಹೆಬ್ಬೆಟ್ಟು ಒತ್ತುವ ಮೊದಲು ನಕಾಶೆ ನೋಡಿ, ಕಾಲುವೆ ಎಲ್ಲಿ ತಿರುಗುತ್ತಿತ್ತೆಂದು ಬೆರಳಿಟ್ಟು ತೋರಿಸಿದರು. ನಕಾಶೆಯಲ್ಲಿ ಇದ್ದದ್ದೂ ಅಲ್ಲಿಯೇ. ನಮಗ್ಯಾರಿಗೂ ಅದು ಗೊತ್ತಿರಲಿಲ್ಲ. ‘ಊರೆಲ್ಲ’ ಎಂದು ಬರೆದದ್ದಕ್ಕೆ ಏನು ಹೇಳಬೇಕೋ ನನಗೆ ಇನ್ನೂ ತೋಚಿಲ್ಲ.

ಕೊನೆಯ ಸಾಲು ಹೀಗೆ ಟೈಪ್ ಮಾಡಿದೆ: ‘ಈ ಮನವಿಗೆ ಲಿಖಿತ ಉತ್ತರ ಬರುವವರೆಗೆ ಪ್ರತಿ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ 11 ಗಂಟೆಗೆ ನಾವೆಲ್ಲರೂ ತಮ್ಮ ಕಚೇರಿಗೆ ಬರುತ್ತೇವೆಂದು ಈ ಮೂಲಕ ಭರವಸೆ ನೀಡುತ್ತೇವೆ.’

ಗುಮಾಸ್ತರು ಕೊನೆಯವರೆಗೂ ಓದಿದರು (ಟೊಮೆಟೊ ಅಣ್ಣ, ಕೇಳಿಸಿತೇ?). ಕನ್ನಡಕ ಮೇಲೆತ್ತಿ, “ಏನ್ರೀ, ಇದು ತಿರುವುಮುರುವಾಗಿದೆ. ಟೈಪಿಂಗ್ ತಪ್ಪೇ?” ಎಂದರು. ತಪ್ಪಲ್ಲ ಸಾರ್ ಎಂದೆ. ಎರಡು ಪ್ರತಿಗೂ ಮುದ್ರೆ ಹಾಕಿಸಿಕೊಂಡು ಬಂದೆವು.

ಟೊಮೆಟೊ ಬೆಳೆಗಾರ, ಮುಳಬಾಗಿಲು (ಸೋಮವಾರ, ಮಧ್ಯಾಹ್ನ 2:05)

ನಾನೂ ಬರೋಣವೆಂದಿದ್ದೆ. ಆದರೆ ಸೋಮವಾರ ಮಂಡಿಗೆ ಲೋಡ್ ಇರುತ್ತದೆ. ಮಂಗಳವಾರ ಇಡಬಾರದಿತ್ತೇ?

ಟೈಪಿಂಗ್ ಅಂಗಡಿ, ಕೋಲಾರ (ಸೋಮವಾರ, ಮಧ್ಯಾಹ್ನ 2:11)

ಮುದ್ರೆ ಬಿದ್ದಾಗಿದೆ ಅಣ್ಣ. ಬೆಳಗಿನ ಜಾವ ಲೋಡ್ ಇಳಿಸಿ ಅಂಗಡಿಗೆ ಬನ್ನಿ, ಕಾಫಿ ಕುಡಿದು ಒಟ್ಟಿಗೆ ಹೋಗೋಣ.